ಟೋಕಿಯೊದಲ್ಲಿ ಗಂಡ-ಹೆಂಡತಿ ಇಬ್ಬರೇ: ಬೆಳಗ್ಗೆಯಿಂದ ರಾತ್ರಿಯವರೆಗೆ ದಿನ ಸಾಗಿಸುವ ಬಗೆ

ಟೋಕಿಯೊದಲ್ಲಿ ಏನೇನು ನೋಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಇಬ್ಬರೇ ಒಂದು ದಿನ ಕಳೆಯುವುದು ಹೇಗೆ ಅಂತ ಹೇಳುವವರು ಕಡಿಮೆ. ಬೆಳಗಿನ ಕಾಫಿ ಎಲ್ಲಿ? ಬಟ್ಟೆ ಒಗೆಯುವುದು ಎಲ್ಲಿ? ಮೀನು ಬೆರೆಸದ ಊಟ ಎಲ್ಲಿ ಸಿಗುತ್ತದೆ? ರೈಲಿನಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡರೆ ಏನು ಮಾಡಬೇಕು? ನಮಗೆ ನಿಜವಾಗಿ ಬೇಕಾಗಿದ್ದು ಇಂಥ ಪ್ರಶ್ನೆಗಳಿಗೆ ಉತ್ತರ.

ನಾನೂ ನಮ್ಮ ಯಜಮಾನರೂ ಆ ಊರಿನಲ್ಲಿ ಹತ್ತು ದಿನ ಇದ್ದೆವು. ಇಬ್ಬರೂ ಐವತ್ತು ದಾಟಿದವರು, ಸಸ್ಯಾಹಾರಿಗಳು, ಜಪಾನಿಗೆ ಮೊದಲ ಸಲ ಹೋದವರು. ಮೊದಲ ಎರಡು ದಿನ ಬರೀ ಸುಸ್ತು, ಸಿಡುಕು. ಮೂರನೇ ದಿನ ನೋಡಬೇಕಾದ ಜಾಗಗಳ ಪಟ್ಟಿಯನ್ನು ಚೀಲದ ತಳಕ್ಕೆ ಹಾಕಿದೆವು. ಮೊದಲು ದಿನಚರಿ ಸರಿ ಮಾಡಿಕೊಳ್ಳೋಣ, ಊರು ಎಲ್ಲಿಗೂ ಓಡಿಹೋಗುವುದಿಲ್ಲ ಅಂದುಕೊಂಡೆವು. ಅಲ್ಲಿಂದ ಮುಂದೆ ಪ್ರವಾಸ ಚೆನ್ನಾಯಿತು. ಹಾಗೆ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಹೊರಡುವ ಮುಂಚೆ

ಪ್ರವಾಸಿ ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ವೀಸಾ ಈಗ ಇ-ವೀಸಾ ರೂಪದಲ್ಲಿ ಬರುತ್ತದೆ, ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಅಂಟಿಸುವುದಿಲ್ಲ. ಒಂದು ವಿಷಯ ಗಮನವಿರಲಿ. ವಿಮಾನ ನಿಲ್ದಾಣದಲ್ಲಿ ಅದನ್ನು ಇಂಟರ್ನೆಟ್ ಇರುವ ಫೋನಿನಲ್ಲಿ ಅಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ಆಗಲಿ ಪ್ರಿಂಟ್ ಆಗಲಿ ನಡೆಯುವುದಿಲ್ಲ. ಹಾಗಾಗಿ ಇಬ್ಬರ ಫೋನಿನಲ್ಲೂ ಇಂಟರ್ನೆಟ್ ಇರಲೇಬೇಕು. ‘ವಿಸಿಟ್ ಜಪಾನ್ ವೆಬ್’ ತಾಣದಲ್ಲಿ ವಲಸೆ ಮತ್ತು ಕಸ್ಟಮ್ಸ್ ವಿವರಗಳನ್ನು ಮನೆಯಲ್ಲೇ ತುಂಬಿಬಿಡಿ. ಅದು ಕೊಡುವ ಕ್ಯೂಆರ್ ಕೋಡ್ ತೋರಿಸಿದರೆ ಅಲ್ಲಿ ಇಳಿದ ಮೇಲೆ ಕೂತು ಕಾಗದ ತುಂಬುವ ಕೆಲಸ ಇರುವುದಿಲ್ಲ.

ಔಷಧಿಯ ವಿಷಯದಲ್ಲಿ ಜಪಾನ್ ಬಹಳ ಬಿಗಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಕೆಲವು ಶೀತದ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. ಇವು ಇಂತಿಷ್ಟು ಪ್ರಮಾಣ ದಾಟಿದರೆ ಅಲ್ಲಿ ಕಾನೂನುಬಾಹಿರ. ಚೀಟಿ ಓದಿ, ಅನುಮಾನ ಬಂದರೆ ಮನೆಯಲ್ಲೇ ಬಿಡಿ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟರ ಒಳಗೆ, ವೈದ್ಯರ ಚೀಟಿಯ ಜೊತೆ ತೆಗೆದುಕೊಂಡು ಹೋಗಿ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಅನುಮತಿ ಪಡೆಯಬೇಕು.

ಹಣ್ಣು, ತರಕಾರಿ, ಹಸಿ ಕರಿಬೇವು ಬೇಡ. ಮಗಳು ಮನೆಯ ಗಿಡದ ಕರಿಬೇವನ್ನು ಕವರಿನಲ್ಲಿ ಹಾಕಿಕೊಟ್ಟಿದ್ದಳು. ನಾನು ನೋಡಿ ತೆಗೆದಿಟ್ಟೆ. ಮಾಂಸದ ಪದಾರ್ಥಗಳಿಗೂ ಪ್ರವೇಶವಿಲ್ಲ. ನಾವು ಕೊಂಡೊಯ್ದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ನಿಂಬೆ ಉಪ್ಪಿನಕಾಯಿ, ಕಾಫಿಪುಡಿ, ಮತ್ತೆ ಇಬ್ಬರಿಗಾಗುವ ಪುಟ್ಟ ಸ್ಟೀಲ್ ಫಿಲ್ಟರ್. ಹತ್ತು ದಿನವೂ ಅವು ನಮ್ಮನ್ನು ಕಾಪಾಡಿದವು.

ಅಲ್ಲಿನ ಕರೆಂಟು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಫೋನ್ ಚಾರ್ಜರಿಗೆ ಅಡಾಪ್ಟರ್ ಇದ್ದರೆ ಸಾಕು. ಆದರೆ ನಮ್ಮ 230 ವೋಲ್ಟಿನ ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್ ಅಲ್ಲಿ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹೊತ್ತುಕೊಂಡು ಹೋಗಬೇಡಿ.

ಹಂತ 2: ಕೋಣೆ ಆರಿಸುವಾಗ ಮಂಚದ ಅಗಲ ನೋಡಿ

ಗಂಡ-ಹೆಂಡತಿ ಮೊದಲು ನೋಡಬೇಕಾದದ್ದು ಇದನ್ನೇ. ಜಪಾನಿನ ಹೋಟೆಲ್‌ಗಳಲ್ಲಿ ‘ಸೆಮಿ-ಡಬಲ್’ ಅನ್ನುವ ಕೋಣೆ ಇರುತ್ತದೆ, ಬೆಲೆಯೂ ಕಡಿಮೆ. ಆ ಮಂಚದ ಅಗಲ ಸುಮಾರು 120 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಮಾತ್ರ. ಇಬ್ಬರು ಮಲಗಿದರೆ ಹೊರಳಲು ಜಾಗ ಇರುವುದಿಲ್ಲ. ‘ಡಬಲ್’ ಅಂದರೆ ಸುಮಾರು 140. ಬೇರೆ ಬೇರೆ ಮಂಚ ಇರುವ ‘ಟ್ವಿನ್’ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ದಿನಕ್ಕೆ ಹದಿನೈದು ಇಪ್ಪತ್ತು ಸಾವಿರ ಹೆಜ್ಜೆ ನಡೆದು ಬಂದವರಿಗೆ ನಿದ್ದೆ ಚೆನ್ನಾಗಿ ಬರಬೇಕು. ನಿದ್ದೆ ಕೆಟ್ಟರೆ ಮರುದಿನ ಮಾತು ಕೆಡುತ್ತದೆ, ಅಲ್ವಾ?

ಬೆಲೆ ನೋಡುವಾಗ ಅದು ಕೋಣೆಗೋ ತಲೆಗೋ ಅಂತ ಖಾತ್ರಿ ಮಾಡಿಕೊಳ್ಳಿ. ಜಪಾನಿನಲ್ಲಿ ಎಷ್ಟೋ ಕಡೆ ತಲೆಯ ಲೆಕ್ಕದಲ್ಲೇ ಬೆಲೆ ಹಾಕುತ್ತಾರೆ. ಬುಕಿಂಗ್‌ನಲ್ಲಿ ‘ಇಬ್ಬರು’ ಅಂತಲೇ ಹಾಕಿ. ಒಬ್ಬರ ಹೆಸರಿಗೆ ಕೋಣೆ ತೆಗೆದು ಇಬ್ಬರು ಹೋಗುವುದು ಅಲ್ಲಿ ನಡೆಯುವುದಿಲ್ಲ. ಕೋಣೆ ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಯ ಮೇಲೆ ಸಿಗುತ್ತದೆ. ಬೇಗ ಹೋದರೆ ಸಾಮಾನನ್ನು ಕೆಳಗೆ ಇಟ್ಟುಕೊಳ್ಳುತ್ತಾರೆ.

ಯಾವ ಬಡಾವಣೆ? ನಾವು ಅಸಾಕುಸಾದಲ್ಲಿ ಉಳಿದೆವು. ಪಕ್ಕದ ಉಯೆನೊ ಕೂಡ ಒಳ್ಳೆಯದೇ. ನರಿತಾ ವಿಮಾನ ನಿಲ್ದಾಣದಿಂದ ಎರಡಕ್ಕೂ ರೈಲು ಸುಲಭ, ಹಳೆಯ ಊರಿನ ಕಳೆ ಇದೆ. ಹೋಟೆಲಿನ ಹತ್ತಿರ ರೈಲು ನಿಲ್ದಾಣ, ಮೂಲೆಯಲ್ಲೊಂದು ಕೊನ್ಬಿನಿ, ಒಳಗೆ ಬಟ್ಟೆ ಒಗೆಯುವ ನಾಣ್ಯದ ಮೆಷಿನ್, ಮೈಕ್ರೋವೇವ್. ಈ ನಾಲ್ಕು ಇದ್ದರೆ ಕೋಣೆ ಚಿಕ್ಕದಾದರೂ ತೊಂದರೆಯಿಲ್ಲ. ಕೊನ್ಬಿನಿ ಅಂದರೆ ಇಡೀ ರಾತ್ರಿ ತೆರೆದಿರುವ ಸಣ್ಣ ಅಂಗಡಿ. ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್ ಇವು ಮೂರು ಬೀದಿ ಬೀದಿಗೂ ಇವೆ.

ಕಮೋಡಿನ ಬಗ್ಗೆ ನಮ್ಮವರಿಗೆ ಸಂಕೋಚವಿಲ್ಲದೆ ಹೇಳಬೇಕು. ಜಪಾನಿನಲ್ಲಿ ನೀರಿನ ಚಿಂತೆ ಬೇಡ. ಹೋಟೆಲ್, ಅಂಗಡಿ, ಎಷ್ಟೋ ರೈಲು ನಿಲ್ದಾಣಗಳಲ್ಲೂ ಗುಂಡಿ ಒತ್ತಿದರೆ ನೀರು ಬರುವ ಕಮೋಡ್ ಇದೆ. ಟೋಟೊ ಕಂಪನಿ 1980ರಲ್ಲಿ ಇದನ್ನು ‘ವಾಶ್‌ಲೆಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗೋಡೆಯ ಮೇಲೆ ಹತ್ತಾರು ಗುಂಡಿ ನೋಡಿ ಗಾಬರಿಯಾಗಬೇಡಿ. ಮೊದಲು ನಿಲ್ಲಿಸುವ ಗುಂಡಿ ಯಾವುದು ಅಂತ ಕಂಡುಕೊಳ್ಳಿ. ಹೆಚ್ಚಿನ ಕಡೆ ಅದರ ಮೇಲೆ ಚೌಕದ ಗುರುತು ಇರುತ್ತದೆ. ಆಮೇಲೆ ಉಳಿದದ್ದು ಒತ್ತಿ.

ಹಂತ 3: ಇಳಿದ ದಿನ ಮೂರೇ ಕೆಲಸ

ನರಿತಾ ಇರುವುದು ನಗರದಿಂದ ಸುಮಾರು 60 ಕಿಲೋಮೀಟರ್ ದೂರ. ಸ್ಕೈಲೈನರ್ ರೈಲು ಉಯೆನೊಗೆ ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ. ಅಸಾಕುಸಾಗೆ ಬದಲಿಸದೆ ಹೋಗುವ, ಅಗ್ಗದ ರೈಲೂ ಇದೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಂದರೆ ಅಲ್ಲಿ ಬೆಳಗ್ಗೆ ಏಳಾದಾಗ ನಮ್ಮ ಮೈಗೆ ಇನ್ನೂ ಮೂರೂವರೆ. ಮೊದಲ ದಿನ ಏನನ್ನೂ ನೋಡಬೇಡಿ.

ಮಾಡಬೇಕಾದ ಒಂದನೇ ಕೆಲಸ, ರೈಲಿನ ಕಾರ್ಡ್ ಪಡೆಯುವುದು. ಸುಯಿಕಾ ಅಥವಾ ಪಾಸ್ಮೊ, ಯಾವುದಾದರೂ ಆಗುತ್ತದೆ. ಇಬ್ಬರಿಗೂ ಒಂದೊಂದು ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಗೇಟು ದಾಟಲು ಆಗುವುದಿಲ್ಲ. ಪ್ರವಾಸಿಗರಿಗೆಂದೇ 28 ದಿನ ನಡೆಯುವ ‘ವೆಲ್ಕಮ್ ಸುಯಿಕಾ’ ಇದೆ. ಅದಕ್ಕೆ ಠೇವಣಿ ಇಲ್ಲ, ಆದರೆ ಉಳಿದ ಹಣವೂ ವಾಪಸ್ ಬರುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಸಿ. ಐಫೋನ್ ಇದ್ದವರು ಫೋನಿನಲ್ಲೇ ಸುಯಿಕಾ ಸೇರಿಸಿಕೊಳ್ಳಬಹುದು. ಈ ಕಾರ್ಡ್ ರೈಲು, ಬಸ್ಸು, ಕೊನ್ಬಿನಿ, ರಸ್ತೆಬದಿಯ ಪಾನೀಯದ ಮೆಷಿನ್ ಎಲ್ಲದಕ್ಕೂ ನಡೆಯುತ್ತದೆ. ಓಡಾಟಕ್ಕೆ ನಮಗೆ ದಿನಕ್ಕೆ ತಲಾ 800ರಿಂದ 1000 ಯೆನ್ ಆಯಿತು.

ಎರಡನೇದು ನಗದು. ಸೆವೆನ್-ಇಲೆವೆನ್ ಒಳಗಿರುವ ಎಟಿಎಂಗಳು ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತವೆ. ದುಡ್ಡನ್ನು ಇಬ್ಬರ ಜೇಬಿನಲ್ಲೂ ಹಂಚಿಡಿ. ಸಣ್ಣ ಊಟದ ಅಂಗಡಿಗಳು, ದೇವಸ್ಥಾನಗಳು ಇನ್ನೂ ನಗದನ್ನೇ ಕೇಳುತ್ತವೆ. ಅಂಗಡಿಯಲ್ಲಿ ದುಡ್ಡನ್ನು ಕೈಗೆ ಕೊಡಬೇಡಿ, ಮುಂದಿರುವ ಚಿಕ್ಕ ತಟ್ಟೆಯಲ್ಲಿಡಿ. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ.

ಮೂರನೇದು, ಹೋಟೆಲಿನ ಹೆಸರು ವಿಳಾಸವನ್ನು ಜಪಾನಿ ಲಿಪಿಯಲ್ಲಿ ಬರೆದಿರುವ ಕಾರ್ಡನ್ನು ಸ್ವಾಗತದವರ ಹತ್ತಿರ ಕೇಳಿ ಇಬ್ಬರೂ ಒಂದೊಂದು ಇಟ್ಟುಕೊಳ್ಳುವುದು. ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸ ಬಡಾವಣೆ, ಬ್ಲಾಕು, ಕಟ್ಟಡದ ಸಂಖ್ಯೆಯ ಲೆಕ್ಕದಲ್ಲಿ ಇರುತ್ತದೆ. ಬಾಯಲ್ಲಿ ಹೇಳಿ ದಾರಿ ಕೇಳುವುದು ಕಷ್ಟ. ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಡಬೇಡಿ. ಪ್ರವಾಸಿಗರು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಅಲ್ಲಿನ ಕಾನೂನು.

ಹಂತ 4: ರೈಲು, ಮತ್ತು ತಪ್ಪಿಸಿಕೊಂಡಾಗ

ಟೋಕಿಯೊದಲ್ಲಿ ಸುರಂಗ ರೈಲಿನ ಮಾರ್ಗಗಳೇ 13. ಟೋಕಿಯೊ ಮೆಟ್ರೊ ಕಂಪನಿಯದ್ದು 9, ನಗರಾಡಳಿತ ನಡೆಸುವ ತೋಯೆಯದ್ದು 4. ಇದರ ಮೇಲೆ ನಗರವನ್ನು ಸುತ್ತು ಹಾಕುವ ಯಮನೋತೆ ಮಾರ್ಗ, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಹೆಸರುಗಳನ್ನು ಬಾಯಿಪಾಠ ಮಾಡುವುದು ಬೇಡ. ಪ್ರತಿ ಸುರಂಗ ನಿಲ್ದಾಣಕ್ಕೂ ಒಂದು ಅಕ್ಷರ, ಒಂದು ಸಂಖ್ಯೆ ಇದೆ. ಗಿಂಜಾ ಮಾರ್ಗದಲ್ಲಿ ಅಸಾಕುಸಾ ಜಿ 19, ಉಯೆನೊ ಜಿ 16, ಶಿಬುಯಾ ಜಿ 01. ಸಂಖ್ಯೆ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಿದರೆ ಸರಿಯಾದ ದಿಕ್ಕಿನ ರೈಲು ಹತ್ತಿದ್ದೇವೋ ಇಲ್ಲವೋ ಗೊತ್ತಾಗುತ್ತದೆ. ಅಂದಹಾಗೆ, 1927ರಲ್ಲಿ ಅಸಾಕುಸಾ-ಉಯೆನೊ ನಡುವೆ ಓಡಿದ ಈ ಗಿಂಜಾ ಮಾರ್ಗದ ರೈಲೇ ಏಷ್ಯಾದ ಮೊದಲ ಸುರಂಗ ರೈಲು.

ಇಳಿದ ಮೇಲೆ ಮುಖ್ಯವಾದದ್ದು ಹೊರದಾರಿಯ ಸಂಖ್ಯೆ. ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ಹೊರದಾರಿಗಳಿವೆ. ತಪ್ಪು ದಾರಿಯಲ್ಲಿ ಮೇಲೆ ಬಂದರೆ ಕಾಲು ಗಂಟೆ ನಡಿಗೆ ಜಾಸ್ತಿ. ನಮ್ಮಲ್ಲಿ ಕೆಲಸ ಹಂಚಿಕೊಂಡೆವು. ಇವರು ನಕ್ಷೆ ನೋಡುವುದು, ನಾನು ತಲೆಯ ಮೇಲಿನ ಫಲಕ ನೋಡುವುದು. ಇಬ್ಬರೂ ಫೋನ್ ನೋಡುತ್ತಾ ನಡೆದರೆ ಇಬ್ಬರಿಗೂ ದಾರಿ ತಪ್ಪುತ್ತದೆ. ಇಬ್ಬರೂ ದಾರಿ ಹೇಳಿದರೆ ಜಗಳ ಆಗುತ್ತದೆ.

ಎರಡನೇ ದಿನ ಒಂದು ದೊಡ್ಡ ನಿಲ್ದಾಣದಲ್ಲಿ ನಾನು ರೈಲು ಹತ್ತಿದೆ. ಇವರು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಇವರ ಮುಖ ಹಿಂದೆ ಹಿಂದೆ ಹೋಯಿತು. ದುಡ್ಡು ಉಳಿಸಲು ಇಂಟರ್ನೆಟ್ ಸಿಮ್ ಒಂದೇ ಕೊಂಡಿದ್ದೆವು, ಅದು ಇವರ ಫೋನಿನಲ್ಲಿತ್ತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಬಂದೆ. ಅಷ್ಟರಲ್ಲಿ ಇವರು ನನ್ನನ್ನು ಹುಡುಕಿಕೊಂಡು ಮುಂದಕ್ಕೆ ಹೋಗಿದ್ದರು. ಮತ್ತೆ ಸೇರಲು ಐವತ್ತು ನಿಮಿಷ ಬೇಕಾಯಿತು. “ಏನೇ, ಅಲ್ಲೇ ನಿಂತಿರಬಾರದಿತ್ತಾ?” ಅಂದರು. “ರೀ, ನೀವೂ ನಿಂತಿರಬಹುದಿತ್ತಲ್ಲ” ಅಂದೆ. ಅವತ್ತು ಊಟ ಇಬ್ಬರಿಗೂ ರುಚಿಸಲಿಲ್ಲ.

ಆ ರಾತ್ರಿಯೇ ಒಂದು ನಿಯಮ ಮಾಡಿಕೊಂಡೆವು. ನೀವೂ ಮೊದಲ ದಿನವೇ ಮಾಡಿಕೊಳ್ಳಿ. ರೈಲು ಹತ್ತಿಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕು. ಉಳಿದವರು ಅದೇ ಮಾರ್ಗದ, ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಮುಂದಿನ ರೈಲಿನಲ್ಲಿ ಅಲ್ಲಿಗೆ ಬರಬೇಕು. ಅರ್ಧ ಗಂಟೆಯಲ್ಲೂ ಸೇರದಿದ್ದರೆ ಇಬ್ಬರೂ ಹೋಟೆಲಿಗೆ ವಾಪಸ್. ಇಂಟರ್ನೆಟ್ ಮಾತ್ರ ಇಬ್ಬರಿಗೂ ಬೇರೆ ಬೇರೆ ಇರಲಿ. ಅದರಲ್ಲಿ ಉಳಿತಾಯ ಮಾಡಬೇಡಿ.

ಇನ್ನೊಂದು ಕಾರಣಕ್ಕೂ ನೀವು ಬೇರೆಯಾಗಬಹುದು. ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ ಕೆಲವು ಮಾರ್ಗಗಳಲ್ಲಿ ಒಂದು ಬೋಗಿ ಹೆಂಗಸರಿಗೆ ಮೀಸಲು. ನೆಲದ ಮೇಲೆ, ಬಾಗಿಲ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಗಂಡನ ಕೈ ಹಿಡಿದು ಅದಕ್ಕೆ ಹತ್ತಬೇಡಿ. ಸುಲಭದ ದಾರಿ ಅಂದರೆ ಏಳೂವರೆಯಿಂದ ಒಂಬತ್ತೂವರೆವರೆಗೆ ರೈಲಿನ ತಂಟೆಗೇ ಹೋಗದಿರುವುದು. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ, ಅಕ್ಕಪಕ್ಕ ನಿಲ್ಲಬೇಡಿ. ರೈಲಿನೊಳಗೆ ಫೋನಿನಲ್ಲಿ ಮಾತಾಡುವುದಿಲ್ಲ, ತಮ್ಮ ತಮ್ಮಲ್ಲೂ ಮೆಲ್ಲಗೆ ಮಾತು. ಟ್ಯಾಕ್ಸಿ ಹತ್ತಿದರೆ ಬಾಗಿಲು ಮುಟ್ಟಬೇಡಿ, ಅದು ತಾನೇ ತೆಗೆದುಕೊಳ್ಳುತ್ತದೆ. ಕೊನೆಯ ರೈಲು ನಡುರಾತ್ರಿಯ ಆಸುಪಾಸು. ಅದು ತಪ್ಪಿದರೆ ಟ್ಯಾಕ್ಸಿಗೆ ಬಹಳ ದುಡ್ಡಾಗುತ್ತದೆ.

ಹಂತ 5: ಊಟ

ಸಸ್ಯಾಹಾರಿಗಳಿಗೆ ಟೋಕಿಯೊದಲ್ಲಿ ನಿಜವಾದ ತೊಡಕು ಮಾಂಸ ಅಲ್ಲ, ‘ದಾಶಿ’. ನಮ್ಮ ಅಡುಗೆಗೆ ಬೇಳೆಕಟ್ಟು ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಒಣಗಿಸಿದ ಕತ್ಸುಓ ಮೀನಿನ ಚಕ್ಕೆ, ಕೊಂಬು ಅನ್ನುವ ಕಡಲ ಪಾಚಿ ಹಾಕಿ ತೆಗೆದ ಕಟ್ಟು ಅದು. ಹುದುಗಿಸಿದ ಸೋಯಾದಿಂದ ಮಾಡುವ ಮಿಸೊ ಸಾರು, ನೂಡಲ್ಸ್ ಅದ್ದಿ ತಿನ್ನುವ ರಸ, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ತೆಂಪುರಾದ ಜೊತೆ ಕೊಡುವ ರಸದ ಬಟ್ಟಲು, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಮೀನು ಕಾಣುವುದಿಲ್ಲ. ‘ವೆಜಿಟೇರಿಯನ್’ ಅಂದರೆ ಎಷ್ಟೋ ಜನ ಮಾಂಸ ಮಾತ್ರ ತಿನ್ನದವರು ಅಂದುಕೊಳ್ಳುತ್ತಾರೆ. ಅವರು ಬೇಕಂತ ಮಾಡುವುದಲ್ಲ. ಅವರಿಗೆ ದಾಶಿ ಅಡುಗೆಯ ತಳಪಾಯ, ಅದನ್ನು ಬೇರೆಯಾಗಿ ಎಣಿಸುವುದೇ ಇಲ್ಲ.

ಎರಡು ವಾಕ್ಯ ಕಲಿಯಿರಿ. “ನಿಕು ತೊ ಸಕಾನಾ ವಾ ತಾಬೆಮಾಸೆನ್”, ಅಂದರೆ ಮಾಂಸ, ಮೀನು ತಿನ್ನುವುದಿಲ್ಲ. “ಕತ್ಸುಓ ದಾಶಿ ವಾ ಹಾಯಿತ್ತೆ ಇಮಾಸು ಕಾ?”, ಅಂದರೆ ಮೀನಿನ ಕಟ್ಟು ಹಾಕಿದ್ದೀರಾ? ಕನ್ನಡದವರಿಗೆ ಜಪಾನಿ ವಾಕ್ಯ ಅಷ್ಟು ಕಷ್ಟ ಅನಿಸುವುದಿಲ್ಲ. ನಮ್ಮ ಹಾಗೆ ಅವರದೂ ಕ್ರಿಯಾಪದ ಕೊನೆಗೇ ಬರುತ್ತದೆ. ನಾವು ಕೊನೆಗೆ ‘ಆ’ ಸೇರಿಸಿ ಪ್ರಶ್ನೆ ಕೇಳುವಂತೆ ಅವರು ‘ಕಾ’ ಸೇರಿಸುತ್ತಾರೆ. ಆದರೂ ಬಾಯಿಮಾತನ್ನೇ ನಂಬಬೇಡಿ. ಮೀನು, ಮಾಂಸ, ಮೀನಿನ ಕಟ್ಟು ಯಾವುದೂ ಬೇಡ ಅಂತ ಜಪಾನಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ಕೂರುವ ಮೊದಲೇ ತೋರಿಸಿ. ಇಲ್ಲ ಅಂದರೆ “ಅರಿಗಾತೋ” ಅಂದು ಹೊರಗೆ ಬನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ದಿನದ ಊಟ ಹೀಗೆ ಸಾಗಿತು.

ಬೆಳಗ್ಗೆ ಕೋಣೆಯಲ್ಲೇ ಫಿಲ್ಟರ್ ಕಾಫಿ. ಕೆಟಲ್ ಕೋಣೆಯಲ್ಲಿರುತ್ತದೆ. ಹಾಲು ಕೊನ್ಬಿನಿಯದು, ಬಿಸಿ ಮಾಡಲು ಹೋಟೆಲಿನ ಮೈಕ್ರೋವೇವ್. ಡಿಕಾಕ್ಷನ್ನಿನ ಘಮ ಆ ಪುಟ್ಟ ಕೋಣೆ ತುಂಬಿದಾಗ ಪರದೇಶ ಅನ್ನುವುದೇ ಮರೆತುಹೋಗುತ್ತಿತ್ತು. ಜೊತೆಗೆ ಬಾಳೆಹಣ್ಣು, ಬ್ರೆಡ್. ಅಲ್ಲಿ ಬಾಳೆಹಣ್ಣನ್ನು ಒಂದೊಂದಾಗಿಯೂ ಮಾರುತ್ತಾರೆ.

ಮಧ್ಯಾಹ್ನ ಹೊರಗೆ. ಕೊನ್ಬಿನಿಯಲ್ಲಿ ಸಿಗುವ ಅನ್ನದ ಉಂಡೆ ‘ಒನಿಗಿರಿ’ಯಲ್ಲಿ ಬರೀ ಉಪ್ಪಿನದು, ಉಮೆ ಅನ್ನುವ ಹುಳಿ ಕಾಯಿ ಹಾಕಿದ್ದು ಸಿಗುತ್ತವೆ. ಹುಳಿ-ಉಪ್ಪು ಸೇರಿದ ಆ ಉಮೆ ನಮ್ಮ ಉಪ್ಪಿನಕಾಯಿಯನ್ನು ನೆನಪಿಸಿತು. ಫೋನಿನ ಕ್ಯಾಮೆರಾದಿಂದ ಹೊದಿಕೆಯ ಬರಹವನ್ನು ಅನುವಾದಿಸಿ ಓದಿ, ಕೆಲವದರಲ್ಲಿ ಮೀನಿನ ಸಾರ ಇರುತ್ತದೆ. ಚಳಿಗಾಲದಲ್ಲಿ ಸುಟ್ಟ ಗೆಣಸು ಸಿಗುತ್ತದೆ, ಬಿಸಿ ಬಿಸಿ, ಬೆಲ್ಲದಷ್ಟು ಸಿಹಿ. ಒಂದು ದಿನವಾದರೂ ಟೋಕಿಯೊ ನಿಲ್ದಾಣದ ಟಿಕೆಟ್ ಗೇಟಿನ ಒಳಗೇ ಇರುವ ‘ಟೀಸ್ ತಾಂತಾನ್’ಗೆ ಹೋಗಿ. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲದ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸ್, ಅಲ್ಲಿದೆ. ಎಳ್ಳಿನ ಖಾರದ ಸಾರು. ಇವರು ಬಟ್ಟಲು ಎತ್ತಿ ಕುಡಿದರು.

ರಾತ್ರಿ ಮೊಸರನ್ನ. ಹೌದು, ಟೋಕಿಯೊದಲ್ಲಿ. ಮಾಡುವ ಬಗೆ ಹೇಳುತ್ತೇನೆ. ಸೂಪರ್ ಮಾರ್ಕೆಟಿನಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಒಂದರಲ್ಲಿ 200 ಗ್ರಾಂ. ಹೊದಿಕೆಯ ಮೂಲೆ ಬಿಡಿಸಿ ಎರಡು ನಿಮಿಷ ಮೈಕ್ರೋವೇವ್‌ನಲ್ಲಿಟ್ಟರೆ ಮೆತ್ತನೆಯ ಅನ್ನ. ಅವರ ಅಕ್ಕಿ ಸ್ವಲ್ಪ ಅಂಟು, ಮೊಸರನ್ನಕ್ಕೆ ಅದೇ ಚೆನ್ನ. ಮೊಸರು ಕೊಳ್ಳುವಾಗ ಸಕ್ಕರೆ ಹಾಕದ್ದನ್ನು ಕೇಳಿ, ‘ಮುತೋ’ ಅಂದರೆ ತೋರಿಸುತ್ತಾರೆ. 400 ಗ್ರಾಂ ಡಬ್ಬಿ ಇಬ್ಬರಿಗೆ ಒಂದು ರಾತ್ರಿಗೆ ಸಾಕು. ಉಪ್ಪು, ಸ್ವಲ್ಪ ಹಾಲು, ಸೌತೆಕಾಯಿ ಚೂರು, ಪಕ್ಕಕ್ಕೆ ನಿಂಬೆ ಉಪ್ಪಿನಕಾಯಿ. ಹತ್ತು ರಾತ್ರಿಯಲ್ಲಿ ಆರು ರಾತ್ರಿ ಇದೇ. ಊರು ಬಿಟ್ಟು ಬಂದು ಮೊಸರನ್ನ ತಿನ್ನಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಹೊಟ್ಟೆ ತಣ್ಣಗಿದ್ದರೆ ಮರುದಿನ ಊರು ಇನ್ನೂ ಚೆನ್ನಾಗಿ ಕಾಣುತ್ತದೆ.

ನಮ್ಮ ಊಟವೇ ಬೇಕು ಅನಿಸಿದಾಗ ತೋಜಾಯಿ ಮಾರ್ಗದ ನಿಶಿ-ಕಸಾಯಿಗೆ ಹೋಗಿ, ನಿಲ್ದಾಣ ಟಿ 16. 2000ನೇ ಇಸವಿಯ ಆಸುಪಾಸಿನಿಂದ ಭಾರತದ ಸಾಫ್ಟ್‌ವೇರ್ ಕೆಲಸದವರು ಅಲ್ಲಿ ನೆಲೆಸುತ್ತಾ ಬಂದಿದ್ದಾರೆ. ನಮ್ಮ ದಿನಸಿ ಅಂಗಡಿ, ಊಟದ ಹೋಟೆಲುಗಳಿವೆ.

ಸಣ್ಣ ಹೋಟೆಲುಗಳ ಬಾಗಿಲಲ್ಲಿ ಟಿಕೆಟ್ ಮೆಷಿನ್ ಇದ್ದರೆ ಮೊದಲು ದುಡ್ಡು ಹಾಕಿ ಊಟದ ಚೀಟಿ ತೆಗೆಯಬೇಕು. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು. ಹಳೆಯ ಮೆಷಿನ್‌ಗಳು ಕೆಲವು ಅವನ್ನು ನುಂಗುವುದಿಲ್ಲ. ಕೈಯಲ್ಲಿ ನಾಣ್ಯ ಇರಲಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ.

ಹಂತ 6: ದಿನಕ್ಕೆ ಒಂದೇ ಬಡಾವಣೆ

ನಾನು ಗಟ್ಟಿಯಾಗಿ ಹೇಳುವುದು ಇದನ್ನೇ. ಬೆಳಗ್ಗೆ ಅಸಾಕುಸಾ, ಮಧ್ಯಾಹ್ನ ಶಿಬುಯಾ, ಸಂಜೆ ಶಿಂಜುಕು ಅಂತ ಹಾಕಿಕೊಂಡರೆ ಅರ್ಧ ದಿನ ನೆಲದಡಿಯಲ್ಲೇ ಕಳೆಯುತ್ತದೆ. ಒಂದು ದಿನಕ್ಕೆ ಒಂದು ಬಡಾವಣೆ ಸಾಕು. ಮಧ್ಯಾಹ್ನ ಎರಡರಿಂದ ನಾಲ್ಕು ಏನೂ ಇಟ್ಟುಕೊಳ್ಳಬೇಡಿ. ಒಂದು ದಿನ ಹೆಂಡತಿ ಹೇಳಿದ ಕಡೆ, ಮರುದಿನ ಗಂಡ ಹೇಳಿದ ಕಡೆ. ಇವರಿಗೆ ರೈಲು ಇಷ್ಟ, ನನಗೆ ಗಲ್ಲಿ ಸುತ್ತುವುದು ಇಷ್ಟ. ಹೀಗೆ ಹಂಚಿಕೊಂಡ ಮೇಲೆ ಯಾರ ಮನಸ್ಸಿಗೂ ನೋವಾಗಲಿಲ್ಲ.

ಅಸಾಕುಸಾದ ಸೆನ್ಸೋಜಿ ದೇವಸ್ಥಾನಕ್ಕೆ ಬೆಳಗ್ಗೆ ಆರೂವರೆಗೇ ಹೋಗಿ. ಅಂಗಡಿಗಳು ಮುಚ್ಚಿರುತ್ತವೆ, ಜನ ಇರುವುದಿಲ್ಲ, ಧೂಪದ ವಾಸನೆ, ಕಾಗೆಗಳ ಕೂಗು. ಉಯೆನೊ ಹತ್ತಿರದ ಯಾನಾಕಾ ಬಡಾವಣೆಯಲ್ಲಿ ಹಳೆಯ ಮರದ ಮನೆಗಳು, ಸಣ್ಣ ಸಣ್ಣ ದೇವಸ್ಥಾನಗಳು. ಅಲ್ಲಿನ ಅಂಗಡಿ ಬೀದಿಯ ತುದಿಯ ಮೆಟ್ಟಿಲ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡಲು ಊರಿನವರೂ ಬರುತ್ತಾರೆ. ಎತ್ತರದಿಂದ ನಗರ ನೋಡಬೇಕಾ? ಶಿಂಜುಕುವಿನ ಟೋಕಿಯೊ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿಗೆ ಹೋಗಿ. 202 ಮೀಟರ್ ಎತ್ತರ, ಬಿಟ್ಟಿ. ವಸ್ತುಸಂಗ್ರಹಾಲಯಗಳಲ್ಲಿ ಬಹಳಷ್ಟಕ್ಕೆ ಸೋಮವಾರ ರಜೆ.

ಕಿಚಿಜೋಜಿ ಹತ್ತಿರದ ಇನೊಕಾಶಿರಾ ಉದ್ಯಾನದ ಕೊಳದಲ್ಲಿ ದೋಣಿ ಸಿಗುತ್ತದೆ. ಜೋಡಿಗಳು ಅಲ್ಲಿ ದೋಣಿ ಹತ್ತಿದರೆ ಬೇರೆಯಾಗುತ್ತಾರೆ ಅನ್ನುವ ನಂಬಿಕೆ ಊರಿನವರಲ್ಲಿದೆ. ಕೊಳದ ಬೆನ್ಜಾಯಿತೆನ್ ದೇವಿಗೆ ಹೊಟ್ಟೆಕಿಚ್ಚಾಗುತ್ತದಂತೆ. ಈ ಬೆನ್ಜಾಯಿತೆನ್ ಬೇರೆ ಯಾರೂ ಅಲ್ಲ, ಬೌದ್ಧ ಧರ್ಮದ ಜೊತೆ ಜಪಾನ್ ತಲುಪಿದ ನಮ್ಮ ಸರಸ್ವತಿ. ಅವಳ ಕೈಯಲ್ಲೂ ವೀಣೆಯಂಥ ವಾದ್ಯ ಇದೆ. ನಾವು ಮೊದಲು ಗುಡಿಗೆ ಹೋಗಿ ಕೈಮುಗಿದು ಆಮೇಲೆ ದೋಣಿ ಹತ್ತಿದೆವು.

ಹಂತ 7: ಕಸ, ಕೊಡೆ, ಬಟ್ಟೆ

ಬೀದಿಯಲ್ಲಿ ಕಸದ ಡಬ್ಬಿ ಹುಡುಕಬೇಡಿ, ಇರುವುದಿಲ್ಲ. 1995ರಲ್ಲಿ ಸುರಂಗ ರೈಲಿನಲ್ಲಿ ವಿಷಾನಿಲ ದಾಳಿ ನಡೆದ ಮೇಲೆ ಭದ್ರತೆಗಾಗಿ ಬಹಳಷ್ಟನ್ನು ತೆಗೆದರು. ಆದರೂ ಬೀದಿಯಲ್ಲಿ ಒಂದು ಚೂರು ಕಾಗದ ಕಾಣುವುದಿಲ್ಲ. ಜನ ತಮ್ಮ ಕಸವನ್ನು ಮನೆಗೆ ಕೊಂಡೊಯ್ಯುತ್ತಾರೆ. ನೀವೂ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ರಾತ್ರಿ ಕೋಣೆಯಲ್ಲಿ ಖಾಲಿ ಮಾಡಿ. ಕೈ ಒರೆಸಲು ಪುಟ್ಟ ಟವೆಲ್ ಇಬ್ಬರಿಗೂ ಇರಲಿ. ಎಷ್ಟೋ ಶೌಚಾಲಯಗಳಲ್ಲಿ ಒರೆಸುವ ಕಾಗದ ಇಡುವುದಿಲ್ಲ.

ಜೂನ್, ಜುಲೈನಲ್ಲಿ ಅಲ್ಲಿ ಮಳೆಗಾಲ. ಕೊನ್ಬಿನಿಯಲ್ಲಿ ಪಾರದರ್ಶಕ ಕೊಡೆ ಸಿಗುತ್ತದೆ, ಒಂದು ಕೊಂಡರೂ ನಡೆಯುತ್ತದೆ. ಜಪಾನಿನಲ್ಲಿ ಮಕ್ಕಳು ಪ್ರೀತಿಯ ಜೋಡಿಯ ಚಿತ್ರ ಬರೆಯುವಾಗ ಒಂದು ಕೊಡೆ ಬರೆದು ಅದರ ಕಡ್ಡಿಯ ಎರಡು ಕಡೆ ಎರಡು ಹೆಸರು ಬರೆಯುತ್ತಾರೆ. ನಮ್ಮಲ್ಲಿ ಬೆಂಚಿನ ಮೇಲೆ ಹೃದಯ ಕೆತ್ತಿ ಹೆಸರು ಬರೆಯುತ್ತಾರಲ್ಲ, ಹಾಗೆ. ಇಬ್ಬರಿಗೊಂದೇ ಕೊಡೆಗೆ ಅವರಲ್ಲಿ ಒಂದು ಪದವೇ ಇದೆ, ‘ಆಯಿ-ಆಯಿ-ಗಾಸಾ’. ಅದು ಗೊತ್ತಾದ ಮೇಲೆ ಇವರು ಎರಡನೇ ಕೊಡೆ ಕೊಳ್ಳಲು ಒಪ್ಪಲಿಲ್ಲ.

ಬಟ್ಟೆ ಮೂರು ದಿನಕ್ಕೊಮ್ಮೆ ಒಗೆದರೆ ನಾಲ್ಕು ಜೊತೆಯಲ್ಲಿ ಹತ್ತು ದಿನ ಕಳೆಯಬಹುದು. ಮೆಷಿನ್ನಿಗೆ 100 ಯೆನ್ ನಾಣ್ಯಗಳು ಬೇಕಾಗುತ್ತವೆ, ಕೂಡಿಟ್ಟುಕೊಳ್ಳಿ.

ಹಂತ 8: ಸೆಂತೊ ಸ್ನಾನ

ಸೆಂತೊ ಅಂದರೆ ಬಡಾವಣೆಯ ಸ್ನಾನದ ಮನೆ. 2024ರ ಆಗಸ್ಟಿನಲ್ಲಿ ಟೋಕಿಯೊದಲ್ಲಿ ದೊಡ್ಡವರಿಗೆ 550 ಯೆನ್ ಅಂತ ದರ ನಿಗದಿಯಾಯಿತು. ಬಾಗಿಲಲ್ಲಿ ಬಟ್ಟೆಯ ಪರದೆಗಳು ತೂಗುತ್ತವೆ. ಗಂಡಸರದ್ದು ಸಾಮಾನ್ಯವಾಗಿ ನೀಲಿ, ಹೆಂಗಸರದ್ದು ಕೆಂಪು. ಅಲ್ಲಿಗೆ ಇಬ್ಬರ ದಾರಿ ಬೇರೆ. ಎಷ್ಟು ಗಂಟೆಗೆ ಹೊರಗೆ ಸಿಗಬೇಕು ಅಂತ ಮೊದಲೇ ಹೇಳಿಕೊಳ್ಳಿ, ಒಳಗೆ ಫೋನ್ ಬಳಸುವಂತಿಲ್ಲ. ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲಷ್ಟೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ನನಗೆ ಮೊದಲು ಬಹಳ ಸಂಕೋಚವಾಯಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೋಡಿಯೂ ನೋಡದ ಹಾಗೆ ನನ್ನ ಮುಂದೆ ಒಂದು ಬೋಗುಣಿ ಸರಿಸಿದರು. ಐದು ನಿಮಿಷದಲ್ಲಿ ಸಂಕೋಚ ಹೋಯಿತು. ಎಣ್ಣೆ ಹಚ್ಚಿಕೊಂಡು ಹಂಡೆಯ ನೀರು ಹೊಯ್ದುಕೊಂಡಷ್ಟು ಹಿತ. ಒಪ್ಪದಿದ್ದರೆ ಬಿಟ್ಟುಬಿಡಿ, ಬಲವಂತ ಬೇಡ.

ಹಂತ 9: ಕಷ್ಟಕ್ಕೆ

ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಬೆಂಕಿಗೆ 119. ಪ್ರವಾಸಿಗರಿಗೆಂದೇ ಜಪಾನ್ ಪ್ರವಾಸೋದ್ಯಮ ಸಂಸ್ಥೆಯ ಸಹಾಯವಾಣಿ ಇದೆ, 050-3816-2787. ಹಗಲು ರಾತ್ರಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಮ್ಮ ರಾಯಭಾರ ಕಚೇರಿ ಕುದಾನ್‌ಶಿತಾ ನಿಲ್ದಾಣದ ಹತ್ತಿರ. ವಸ್ತು ಕಳೆದರೆ ‘ಕೋಬಾನ್’ ಅನ್ನುವ ಪುಟ್ಟ ಪೊಲೀಸ್ ಠಾಣೆಗೆ ಹೋಗಿ, ಹೆಚ್ಚಿನ ದೊಡ್ಡ ನಿಲ್ದಾಣಗಳ ಹತ್ತಿರ ಇರುತ್ತದೆ. ನನ್ನ ಶಾಲು ರೈಲಿನಲ್ಲಿ ಉಳಿದಿತ್ತು. ನಿಲ್ದಾಣದಲ್ಲಿ ಹೇಳಿದೆ, ಮರುದಿನ ಮಡಿಸಿ ಕವರಿನಲ್ಲಿಟ್ಟು ಕೊಟ್ಟರು.

ಭೂಮಿ ನಡುಗಿದರೆ ಹೊರಗೆ ಓಡಬೇಡಿ. ಮೇಜಿನ ಕೆಳಗೆ ಹೋಗಿ ತಲೆ ಮುಚ್ಚಿಕೊಳ್ಳಿ. ಹೋಟೆಲಿಗೆ ಬಂದ ದಿನವೇ ಮೆಟ್ಟಿಲು ಎಲ್ಲಿದೆ ನೋಡಿಡಿ. ಭೂಕಂಪದ ಎಚ್ಚರಿಕೆ ಕೊಡುವ ‘ಸೇಫ್ಟಿ ಟಿಪ್ಸ್’ ಆ್ಯಪ್ ಇಬ್ಬರ ಫೋನಿನಲ್ಲೂ ಹಾಕಿಕೊಳ್ಳಿ.

ಹಂತ 10: ಕೊನೆಯ ದಿನ

ಕೋಣೆ ಬಿಟ್ಟ ಮೇಲೆ ಸಾಮಾನು ಹೊತ್ತು ತಿರುಗಬೇಡಿ, ಹೋಟೆಲಿನಲ್ಲಿ ಇಲ್ಲವೇ ನಿಲ್ದಾಣದ ಲಾಕರಿನಲ್ಲಿಡಿ. ಲಾಕರಿನ ಫೋಟೊ, ಅಕ್ಕಪಕ್ಕದ ಫಲಕದ ಫೋಟೊ ಎರಡೂ ತೆಗೆದಿಡಿ. ಸುಯಿಕಾದಲ್ಲಿ ಉಳಿದ ದುಡ್ಡಿಗೆ ಕೊನ್ಬಿನಿಯಲ್ಲಿ ದಾರಿಗೆ ತಿಂಡಿ ಕೊಳ್ಳಿ. ಕೂಡಿಬಿದ್ದ ಚಿಲ್ಲರೆಯನ್ನು ಅಲ್ಲಿನ ದುಡ್ಡು ಎಣಿಸುವ ಮೆಷಿನ್ನಿಗೆ ಹಾಕಿ, ಅದೇ ಲೆಕ್ಕ ಮಾಡಿಕೊಳ್ಳುತ್ತದೆ.

ಒಂದು ನಾಣ್ಯ ಮಾತ್ರ ಖರ್ಚು ಮಾಡಬೇಡಿ. ನಡುವೆ ತೂತಿರುವ, ಹಳದಿ ಬಣ್ಣದ 5 ಯೆನ್. ಅದರ ಬೆಲೆಯನ್ನು ಅವರ ಲಿಪಿಯಲ್ಲಷ್ಟೇ ಬರೆದಿದೆ, ಹಾಗಾಗಿ ಮೊದಮೊದಲು ಗುರುತು ಸಿಗುವುದಿಲ್ಲ. ಐದು ಯೆನ್ನಿಗೆ ಅವರು ‘ಗೊ-ಎನ್’ ಅನ್ನುತ್ತಾರೆ. ನಂಟು ಅನ್ನುವುದಕ್ಕೂ ಅದೇ ಉಚ್ಚಾರ. ನಾವು ಋಣಾನುಬಂಧ ಅನ್ನುತ್ತೇವಲ್ಲ, ಅದು. ಅದಕ್ಕೇ ದೇವರ ಕಾಣಿಕೆ ಪೆಟ್ಟಿಗೆಗೆ ಜನ ಈ ನಾಣ್ಯ ಹಾಕುತ್ತಾರೆ. ಹೊರಡುವ ದಿನ ಬೆಳಗ್ಗೆ ನಮ್ಮ ಹತ್ತಿರ ಮೂರು ಉಳಿದಿದ್ದವು. ಎರಡನ್ನು ಪಕ್ಕದ ಬೀದಿಯ ಪುಟ್ಟ ಗುಡಿಯಲ್ಲಿ ಹಾಕಿದೆವು, ಒಂದು ಇವರ ಕೈಯಿಂದ, ಒಂದು ನನ್ನ ಕೈಯಿಂದ. ಮೂರನೆಯದು ಈಗ ನಮ್ಮ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕದಲ್ಲಿದೆ.